ದೂರದ ಸವಾರಿಯ ಕುದುರೆಗೆ ರೇಸಿನ ಲಾಳ ಬೇಡ

ಮಾನ್ಯ ಸಂಪಾದಕರೇ,

ಮೈಸೂರು, ಮಂಡ್ಯ ಸುತ್ತಮುತ್ತ ಕುದುರೆ ಸಾಕುವ ಹವ್ಯಾಸ ಹೆಚ್ಚುತ್ತಿರುವ ಬಗ್ಗೆ, ಎಂಡ್ಯೂರನ್ಸ್ ಎಂದು ಕರೆಯುವ ದೂರದ ಸವಾರಿಗೆ ನಮ್ಮ ಕಡೆಯ ಯುವಕ ಯುವತಿಯರು ತಯಾರಾಗುತ್ತಿರುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿ ಸಂತೋಷವಾಯಿತು. ಕುದುರೆಯ ತಳಿ, ಮೇವು, ಜೀನು, ಸವಾರರ ಉಡುಪು ಎಲ್ಲದರ ಬಗ್ಗೆಯೂ ವಿವರಗಳಿದ್ದವು. ಲಾಳದ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಜೊತೆಗಿದ್ದ ಚಿತ್ರದಲ್ಲಿ ಕುದುರೆ ಮುಂಗಾಲು ಎತ್ತಿತ್ತು. ಅದರ ಅಡಿಯಲ್ಲಿ ಕಾಣುತ್ತಿದ್ದುದು ರೇಸ್ ಕುದುರೆಗಳಿಗೆ ಹೊಡೆಯುವ ತೆಳುವಾದ ಅಲ್ಯೂಮಿನಿಯಂ ಲಾಳ. ಅದನ್ನು ಕಂಡ ಮೇಲೆ ಸುಮ್ಮನಿರಲು ಮನಸ್ಸಾಗಲಿಲ್ಲ. ಪತ್ರ ಉದ್ದವಾಗುತ್ತದೆ. ಆದರೂ ಮಾತು ಬಾರದ ಪ್ರಾಣಿಯ ಕಾಲಿನ ವಿಷಯವಾದ್ದರಿಂದ ಪೂರ್ತಿಯಾಗಿ ಪ್ರಕಟಿಸಬೇಕೆಂದು ಕೋರುತ್ತೇನೆ.

ನಾನು ಲಷ್ಕರ್ ಮೊಹಲ್ಲಾದವನು. ನಮ್ಮ ತಂದೆ ಜಟಕಾ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದರು. ಅವರ ಕುಲುಮೆಯಲ್ಲಿ ತಿದಿ ಒತ್ತುತ್ತಾ ಕಸುಬು ಕಲಿತೆ. ಜಟಕಾಗಳು ಕಡಿಮೆಯಾದ ಮೇಲೆ ಕೆಲವು ಕಾಲ ರೇಸ್ ಕುದುರೆಗಳ ಲಾಯಗಳಲ್ಲಿ ಕೆಲಸ ಮಾಡಿದೆ. ಸಂತೆಗಳಲ್ಲಿ ಎತ್ತುಗಳಿಗೂ ಲಾಳ ಕಟ್ಟಿದ್ದೇನೆ. ಮಂಡ್ಯದ ಮೈಷುಗರ್ ಕಾರ್ಖಾನೆಗೆ ಗಾಡಿಗಳಲ್ಲಿ ಕಬ್ಬು ಬರುತ್ತಿದ್ದ ಹಂಗಾಮಿನಲ್ಲಿ, ಹೇರು ಹೊತ್ತ ಗಾಡಿ ಎಳೆಯುವ ಹಳ್ಳಿಕಾರ್ ಎತ್ತಿನ ಲಾಳ ಟಾರು ರಸ್ತೆಯಲ್ಲಿ ಎಷ್ಟು ಬೇಗ ಸವೆಯುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಈಗ ಸವಾರಿ ಶಾಲೆಗಳಿಗೆ, ತೋಟದ ಮನೆಗಳಿಗೆ ಹೋಗಿ ಹವ್ಯಾಸಿಗಳ ಕುದುರೆಗಳಿಗೆ ಕಟ್ಟುತ್ತೇನೆ. ಹೀಗಾಗಿ ರೇಸಿನ ಕುದುರೆ, ಗಾಡಿಯ ಕುದುರೆ, ದೂರ ಹೋಗುವ ಕುದುರೆ ಈ ಮೂರರ ಗೊರಸನ್ನೂ ನನ್ನ ತೊಡೆಯ ಮೇಲಿಟ್ಟುಕೊಂಡು ನೋಡಿದ್ದೇನೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಮೊದಲು ಈ ಸವಾರಿಯ ಸ್ವರೂಪ ಹೇಳಬೇಕು. ಎಂಡ್ಯೂರನ್ಸ್ ಸವಾರಿ 40 ಕಿಲೋಮೀಟರಿನಿಂದ ಹಿಡಿದು ಒಂದೇ ದಿನದಲ್ಲಿ 160 ಕಿಲೋಮೀಟರಿನವರೆಗೂ ಇರುತ್ತದೆ. ದಾರಿಯನ್ನು ಸುತ್ತುಗಳಾಗಿ ವಿಂಗಡಿಸಿರುತ್ತಾರೆ. ಪ್ರತಿ ಸುತ್ತಿನ ಕೊನೆಗೆ ಪಶುವೈದ್ಯರು ಕುದುರೆಯನ್ನು ಪರೀಕ್ಷಿಸುತ್ತಾರೆ. ನಿಗದಿಯಾದ ಸಮಯದೊಳಗೆ ಹೃದಯಬಡಿತ ನಿಮಿಷಕ್ಕೆ 64ಕ್ಕೆ ಇಳಿಯಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ. ಅದಾದ ಮೇಲೆ ಸವಾರನಿಲ್ಲದೆ ಕುದುರೆಯನ್ನು ಕೈಯಲ್ಲಿ ಹಿಡಿದು ಗಟ್ಟಿ ನೆಲದ ಮೇಲೆ ಕುಕ್ಕುಲೋಟದಲ್ಲಿ, ಅಂದರೆ ನಡಿಗೆಗೂ ನಾಗಾಲೋಟಕ್ಕೂ ನಡುವಿನ ಓಟದಲ್ಲಿ, ಓಡಿಸಿ ನಡೆ ನೋಡುತ್ತಾರೆ. ತಲೆ ಒಂದೇ ಸಮನೆ ಕುಕ್ಕಿದರೆ, ಒಂದು ಕಾಲನ್ನು ಅದು ಉಳಿಸಿಕೊಳ್ಳುತ್ತಿದೆ ಎಂದು ಕಂಡರೆ, ಅಲ್ಲಿಗೆ ಮುಗಿಯಿತು. ಜಗತ್ತಿನ ಎಲ್ಲ ಕಡೆಯೂ ಈ ಸ್ಪರ್ಧೆಗಳಿಂದ ಕುದುರೆಗಳು ಹೊರಬೀಳುವುದಕ್ಕೆ ದಣಿವಿಗಿಂತ ದೊಡ್ಡ ಕಾರಣ ಕುಂಟುವಿಕೆ. ಕುಂಟುವಿಕೆಗೆ ಕಾರಣ ಹತ್ತಾರು ಇರಬಹುದು, ಸ್ನಾಯು, ಕೀಲು, ನರ ಎಲ್ಲವೂ. ಅವುಗಳಲ್ಲಿ ನಾವು ಮುಂಚಿತವಾಗಿ ಕೈಯಲ್ಲಿ ಹಿಡಿದು ಸರಿಪಡಿಸಬಹುದಾದದ್ದು ಗೊರಸು ಮತ್ತು ಲಾಳ.

ಈಗ ರೇಸಿನ ಲಾಳದ ಮಾತು. ಮೈಸೂರಿನ ರೇಸ್ ಕೋರ್ಸಿನಲ್ಲಿ ಓಡುವ ಥರೋಬ್ರೆಡ್ ಕುದುರೆ ಹುಲ್ಲಿನ ಮೇಲೆ ಓಡುತ್ತದೆ. 1200 ಮೀಟರ್ ಆದರೆ ಒಂದೂಕಾಲು ನಿಮಿಷ, ದೊಡ್ಡ ಓಟವಾದರೆ ಎರಡೂವರೆ ಮೂರು ನಿಮಿಷ. ಅಲ್ಲಿ ಕಾಲಿನ ಮೇಲಿನ ಒಂದೊಂದು ಗ್ರಾಂ ಭಾರವೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ನೂರು ಗ್ರಾಂ ಆಸುಪಾಸಿನ ತೆಳು ಲಾಳ ಹೊಡೆಯುತ್ತಾರೆ, ಅದು ಸರಿಯೇ. ಅದೇ ಕುದುರೆ ಓಟದಿಂದ ನಿವೃತ್ತಿಯಾದ ಮೇಲೆ ಕಡಿಮೆ ಬೆಲೆಗೆ ಹವ್ಯಾಸಿಯ ಕೈಗೆ ಬರುತ್ತದೆ. ಬರುವಾಗ ಕಾಲಲ್ಲಿ ಅದೇ ಲಾಳ ಇರುತ್ತದೆ. ಮುಂದಿನ ಸಲವೂ ಅದನ್ನೇ ಹೊಡೆಸುತ್ತಾರೆ. ‘ಹಗುರವಾಗಿದೆ ಚಾಚಾ, ದೂರ ಓಡುವ ಕುದುರೆಗೆ ಹಗುರ ಇದ್ದಷ್ಟೂ ಒಳ್ಳೆಯದಲ್ಲವೇ’ ಎಂದು ಓದಿದ ಹುಡುಗರೇ ನನ್ನನ್ನು ಕೇಳುತ್ತಾರೆ. ಈ ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ. ಆದ್ದರಿಂದ ಅದಕ್ಕೆ ಸರಿಯಾಗಿ ಉತ್ತರ ಹೇಳಬೇಕು.

ಭಾರದ ಲೆಕ್ಕ ಸುಳ್ಳಲ್ಲ. ಸವಾರಿ ಕುದುರೆಯ ಉಕ್ಕಿನ ಲಾಳ ಒಂದಕ್ಕೆ 300ರಿಂದ 400 ಗ್ರಾಂ ಇರುತ್ತದೆ. ರೇಸಿನ ಲಾಳಕ್ಕಿಂತ ಕಾಲು ಕಿಲೋದಷ್ಟು ಹೆಚ್ಚು. ಕುಕ್ಕುಲೋಟದಲ್ಲಿ ಒಂದು ಕಾಲು ನೆಲಕ್ಕೆ ತಾಗಿ ಮತ್ತೆ ತಾಗುವಷ್ಟರಲ್ಲಿ ಕುದುರೆ ಸುಮಾರು ಎರಡೂವರೆಯಿಂದ ಮೂರು ಮೀಟರ್ ಮುಂದೆ ಹೋಗುತ್ತದೆ. 80 ಕಿಲೋಮೀಟರ್ ದಾರಿಯಲ್ಲಿ ಒಂದೊಂದು ಕಾಲೂ ಇಪ್ಪತ್ತೇಳು ಸಾವಿರ ಸಲವಾದರೂ ಎದ್ದು ಬೀಳುತ್ತದೆ. ಕಾಲು ಕಿಲೋವನ್ನು ಇಪ್ಪತ್ತೇಳು ಸಾವಿರ ಸಲ ಎತ್ತಿದರೆ ಆರೂಮುಕ್ಕಾಲು ಟನ್. ಅದೂ ಒಂದೇ ಕಾಲಿಗೆ. ಕಾಲಿನ ತುದಿಯಲ್ಲಿರುವ ಭಾರ ಬೆನ್ನ ಮೇಲಿನ ಭಾರದಂತಲ್ಲ, ಪ್ರತಿ ಹೆಜ್ಜೆಗೂ ಅದನ್ನು ಬೀಸಿ ನಿಲ್ಲಿಸಬೇಕು. ಹಾಗಾಗಿ ಬೇಡದ ಕಬ್ಬಿಣವನ್ನು ಕಾಲಿಗೆ ಕಟ್ಟಬಾರದು ಎಂಬುದನ್ನು ನಾನೂ ಒಪ್ಪುತ್ತೇನೆ.

ಆದರೆ ಇಪ್ಪತ್ತೇಳು ಸಾವಿರ ಸಲ ಎತ್ತುವ ಕಾಲು ಅಷ್ಟೇ ಸಲ ನೆಲಕ್ಕೆ ಬಡಿಯುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಶ್ರೀರಂಗಪಟ್ಟಣದ ಕಡೆಯ ತೋಟದ ಮನೆಯೊಂದರಲ್ಲಿ ಗುಜರಾತ್ ಮೂಲದ ಕಾಠಿಯಾವಾಡಿ ತಳಿಯ ಹೆಣ್ಣು ಕುದುರೆ ಇದೆ. ಒಳಕ್ಕೆ ಬಾಗಿ ತುದಿ ತಾಗುವ ಕಿವಿ, ಸಣ್ಣ ಗಟ್ಟಿ ಗೊರಸು, ಒಳ್ಳೆಯ ಜಾತಿ. ಅದಕ್ಕೆ ಯಾರೋ ರೇಸಿನ ಲಾಳ ಹೊಡೆದಿದ್ದರು. ನಾಲೆಯ ಏರಿ ಮೇಲೆ, ಜಲ್ಲಿ ಹಾಸಿದ ರಸ್ತೆಯಲ್ಲಿ ಅಭ್ಯಾಸ ಮಾಡಿಸಿದ ಮೇಲೆ ಮುಂದಿನ ಎಡಗಾಲಿನಲ್ಲಿ ನಡೆ ಸರಿಯಿಲ್ಲ ಎಂದು ನನ್ನನ್ನು ಕರೆಸಿದರು. ಕಾಲೆತ್ತಿ ನೋಡಿದರೆ ಲಾಳದ ಮುಂತುದಿ ಸವೆದು ಬ್ಲೇಡಿನಂತಾಗಿತ್ತು. ಮೊಳೆಯ ತಲೆಗಳು ಕೂರುವ ತೋಡೇ ಉಳಿದಿರಲಿಲ್ಲ, ತಲೆಗಳು ನೆಲಕ್ಕೆ ಉಜ್ಜಿ ಹೋಗಿದ್ದವು. ಹಿಡಿತ ತಪ್ಪಿದ ಲಾಳ ಹೆಜ್ಜೆ ಹೆಜ್ಜೆಗೂ ಅಲುಗಾಡಿ, ಮೊಳೆ ರಂಧ್ರಗಳನ್ನು ದೊಡ್ಡದು ಮಾಡಿ, ಹೊರಗೋಡೆಯ ಒಂದು ಚೂರು ಕಿತ್ತುಬಂದಿತ್ತು. ಗೊರಸಿನ ಗೋಡೆ ತಿಂಗಳಿಗೆ ಬೆಳೆಯುವುದು 6ರಿಂದ 10 ಮಿಲಿಮೀಟರ್ ಮಾತ್ರ. ಕಿತ್ತುಬಂದ ಜಾಗ ತುಂಬಿ ಬರುವವರೆಗೆ ಅಲ್ಲಿ ಮೊಳೆ ನಿಲ್ಲುವುದಿಲ್ಲ. ಆ ಕುದುರೆಯನ್ನು ತಿಂಗಳುಗಟ್ಟಲೆ ಸುಮ್ಮನೆ ನಿಲ್ಲಿಸಬೇಕಾಯಿತು. ಮೂಳೆ ಮುರಿದಿರಲಿಲ್ಲ, ರೋಗ ಬಂದಿರಲಿಲ್ಲ. ಲಾಳದ ಆಯ್ಕೆ ಸರಿಯಿರಲಿಲ್ಲ, ಅಷ್ಟೇ.

ಹಾಗಾದರೆ ಯಾವ ಲಾಳ? ನಮ್ಮ ನೆಲಕ್ಕೆ ನನ್ನ ಮೊದಲ ಆಯ್ಕೆ ಉಕ್ಕು. ಸಾಧಾರಣ ಗಾತ್ರದ ಕುದುರೆಗೆ 20 ಮಿಲಿಮೀಟರ್ ಅಗಲ, 8 ಮಿಲಿಮೀಟರ್ ದಪ್ಪದ ಪಟ್ಟಿ ಸಾಕು. ನೆಲದ ಕಡೆಯ ಒಳ ಅಂಚನ್ನು ಇಳಿಜಾರಾಗಿ ತೆಗೆದು, ಮೊಳೆ ಕೂರುವ ಕಡೆ ಉದ್ದಕ್ಕೂ ತೋಡು ಹೊಡೆದ ಲಾಳವಾದರೆ ಭಾರವೂ ಇಳಿಯುತ್ತದೆ, ಮಣ್ಣಿನಲ್ಲಿ ಹಿಡಿತವೂ ಸಿಗುತ್ತದೆ, ಕೆಸರು ಒಳಗೆ ಕಚ್ಚಿಕೊಳ್ಳದೆ ಉದುರುತ್ತದೆ. ಅಲ್ಯೂಮಿನಿಯಮ್ಮೇ ಬೇಕು ಎನ್ನುವವರಿಗೆ, ದೂರದ ಸವಾರಿಗೆಂದೇ ಮಾಡಿದ ದಪ್ಪ ಅಲ್ಯೂಮಿನಿಯಂ ಲಾಳಗಳಿವೆ. ಮುಂತುದಿ ಬೇಗ ಸವೆಯದಂತೆ ಅಲ್ಲಿ ಉಕ್ಕಿನ ತುಂಡು ಕೂರಿಸಿರುತ್ತಾರೆ. ಅವು ಒಳ್ಳೆಯವೇ. ದುಬಾರಿ, ಮತ್ತು ಒಂದು ಸಲ ತೆಗೆದರೆ ಎರಡನೆಯ ಸಲಕ್ಕೆ ಬರುವುದು ಅಪರೂಪ. ದೊಡ್ಡ ಸ್ಪರ್ಧೆಗೆ ಹೋಗುವವರು ಬಳಸಲಿ. ವಾರವಿಡೀ ಅಭ್ಯಾಸಕ್ಕೆ ಉಕ್ಕೇ ಸರಿ.

ಇಲ್ಲಿ ನೆಲದ ಬಗ್ಗೆ ಹೇಳಲೇಬೇಕು. ಮರಳುಗಾಡಿನಲ್ಲಿ ನಡೆಯುವ ಸ್ಪರ್ಧೆಗಳ ವಿಡಿಯೋ ನೋಡಿ ಅದೇ ಲಾಳ ಬೇಕೆಂದು ಮೊಬೈಲ್ ಹಿಡಿದು ಬರುವವರಿದ್ದಾರೆ. ನಮ್ಮದು ಮರಳಲ್ಲ. ಮೈಸೂರು ತಾಲ್ಲೂಕು, ನಂಜನಗೂಡು ಕಡೆಯ ಕೆಂಪು ಮಣ್ಣಿನ ಬಂಡಿದಾರಿಗಳಲ್ಲಿ ಬೆಣಚುಕಲ್ಲಿನ ಚೂರು ತುಂಬಿರುತ್ತದೆ. ಬೇಸಿಗೆಯಲ್ಲಿ ಆ ದಾರಿ ಕಲ್ಲಿನಷ್ಟೇ ಗಟ್ಟಿ. ಮಳೆ ಬಿದ್ದ ಮರುದಿನ ಅದೇ ದಾರಿ ಜಾರುಬಂಡೆ. ವಿಶ್ವೇಶ್ವರಯ್ಯ ನಾಲೆಯ ಏರಿ ಕೆಲವು ಕಡೆ ಮೆತ್ತಗೆ, ಕೆಲವು ಕಡೆ ಜಲ್ಲಿ ಸುರಿದು ಬಿಟ್ಟಿರುತ್ತಾರೆ. ಚಾಮುಂಡಿ ಬೆಟ್ಟದ ರಸ್ತೆ ವಾಹನಗಳು ಓಡಿ ಓಡಿ ನುಣುಪಾದ ಟಾರು. ಒಂದೇ ಬೆಳಗಿನಲ್ಲಿ ಈ ನಾಲ್ಕೂ ನೆಲ ತುಳಿಯುವ ಕುದುರೆಗೆ ಒಂದು ನೆಲಕ್ಕೆ ಮಾತ್ರ ಹೊಂದುವ ಲಾಳ ಹೊಡೆದರೆ ಉಳಿದ ಮೂರು ಕಡೆ ಅದು ಕಷ್ಟಪಡುತ್ತದೆ. ದಾರಿ ನೋಡದೆ ಲಾಳ ಆರಿಸುವುದು ಮದುವೆ ಮನೆಯ ಚಪ್ಪಲಿಯಲ್ಲಿ ಗದ್ದೆಗೆ ಇಳಿದ ಹಾಗೆ. ನನ್ನ ಹತ್ತಿರ ಬರುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ, ಎಷ್ಟು ಕಿಲೋಮೀಟರ್ ಎಂಬುದಲ್ಲ, ಟಾರು ಎಷ್ಟು, ಮಣ್ಣೆಷ್ಟು, ಕಲ್ಲೆಷ್ಟು ಎಂಬುದು. ಹೆಚ್ಚಿನವರಿಗೆ ಉತ್ತರ ಗೊತ್ತಿರುವುದಿಲ್ಲ.

ಲೋಹ ಯಾವುದೆಂಬುದಕ್ಕಿಂತಲೂ ಲಾಳದ ಆಕಾರವೇ ಮುಖ್ಯ ಎಂದು ನಾನು ಒತ್ತಿ ಹೇಳುತ್ತೇನೆ. ದೂರ ಹೋಗುವ ಕುದುರೆಯ ಮುಂಗಾಲಿನ ಲಾಳದ ಮುಂತುದಿಯನ್ನು ಸ್ವಲ್ಪ ಮೇಲಕ್ಕೆ ಉರುಟಾಗಿ ಬಾಗಿಸಬೇಕು. ಹೆಜ್ಜೆ ಎತ್ತುವಾಗ ಗೊರಸು ಮುಂತುದಿಯ ಮೇಲೆ ಉರುಳಿ ನೆಲ ಬಿಡುತ್ತದೆ. ತುದಿ ಚೂಪಾಗಿ ಮುಂದಕ್ಕೆ ಚಾಚಿದ್ದರೆ ಆ ಉರುಳುವಿಕೆಗೆ ಹೆಚ್ಚು ಬಲ ಬೇಕು, ಕಾಲಿನ ಹಿಂಭಾಗದ ಸ್ನಾಯುರಜ್ಜು ಪ್ರತಿ ಸಲವೂ ಹೆಚ್ಚು ಎಳೆದುಕೊಳ್ಳುತ್ತದೆ. ಒಂದೆರಡು ಸುತ್ತಿನಲ್ಲಿ ಇದು ಗೊತ್ತಾಗುವುದಿಲ್ಲ. ಅರವತ್ತು ಎಪ್ಪತ್ತು ಕಿಲೋಮೀಟರ್ ಆದ ಮೇಲೆ ದಣಿದ ಕುದುರೆ ಎಡವಲು ಶುರುಮಾಡುವುದು ಇದರಿಂದಲೇ. ಅದರ ಮೈಯ ಭಾರದಲ್ಲಿ ಸುಮಾರು ಶೇಕಡಾ 60ರಷ್ಟು ಮುಂಗಾಲುಗಳ ಮೇಲೇ ಇರುತ್ತದೆ. ಮುಂದೆ ಎಡವಿದರೆ ಸವಾರನೂ ಕುದುರೆಯೂ ಒಟ್ಟಿಗೇ ನೆಲಕ್ಕೆ.

ಹಿಂದಿನ ತುದಿ, ಅಂದರೆ ಹಿಮ್ಮಡಿಯ ಭಾಗ, ಇದಕ್ಕೆ ತದ್ವಿರುದ್ಧ. ಅಲ್ಲಿ ಲಾಳ ಗಿಡ್ಡವಾಗಿರಬಾರದು. ಹಿಮ್ಮಡಿ ಮುಗಿಯುವವರೆಗೂ ಆಧಾರ ಕೊಡಬೇಕು. ಜೊತೆಗೆ ಹಿಂಭಾಗದ ಎರಡೂ ಕಡೆ ಒಂದು ರೂಪಾಯಿ ನಾಣ್ಯದ ದಪ್ಪದಷ್ಟು ಹೊರಕ್ಕೆ ಉಳಿಸಬೇಕು. ಯಾಕೆಂದರೆ ಗೊರಸು ಕಲ್ಲಲ್ಲ. ಕಾಲೂರಿದಾಗ ಹಿಮ್ಮಡಿಯ ಕಡೆ ಅರಳುತ್ತದೆ, ಎತ್ತಿದಾಗ ಮುದುಡುತ್ತದೆ. ಆ ಅರಳುವಿಕೆಯಲ್ಲೇ ಪೆಟ್ಟಿನ ಬಹುಭಾಗ ಕರಗುತ್ತದೆ, ಕಾಲಿನಲ್ಲಿ ರಕ್ತದ ಓಡಾಟಕ್ಕೂ ಅದರಿಂದ ಸಹಾಯವಾಗುತ್ತದೆ. ಆದ್ದರಿಂದಲೇ ಗೊರಸಿನ ಅತಿ ಅಗಲವಾದ ಜಾಗಕ್ಕಿಂತ ಹಿಂದಕ್ಕೆ ಮೊಳೆ ಹೊಡೆಯಬಾರದು. ‘ಲಾಳ ಬೀಳುತ್ತದೆ, ಇನ್ನೆರಡು ಮೊಳೆ ಹಿಂದಕ್ಕೆ ಹೊಡೆಯಿರಿ’ ಎಂದು ಒತ್ತಾಯಿಸುವ ಮಾಲೀಕರಿದ್ದಾರೆ. ನಾನು ಹೊಡೆಯುವುದಿಲ್ಲ. ಹಿಂದೆ ಮೊಳೆ ಹೊಡೆದು ಗೊರಸನ್ನು ಕಟ್ಟಿಹಾಕಿದರೆ ಲಾಳವೇನೋ ನಿಲ್ಲುತ್ತದೆ, ಕುದುರೆ ನಿಲ್ಲುವುದಿಲ್ಲ. ಬೀಳುವ ಭಯವಿದ್ದರೆ ಲಾಳದ ಅಂಚಿನಿಂದಲೇ ಎಬ್ಬಿಸಿದ ಸಣ್ಣ ಕ್ಲಿಪ್ಪುಗಳನ್ನು ಎರಡು ಪಕ್ಕಕ್ಕೆ ಕೊಟ್ಟರೆ ಆಯಿತು, ಮೊಳೆಗಳ ಮೇಲಿನ ಎಳೆತ ಕಡಿಮೆಯಾಗುತ್ತದೆ.

ಮೊಳೆಯೂ ಹಾಗೆಯೇ. ತಲೆ ಲಾಳದ ತೋಡಿನಲ್ಲಿ ತುಂಬಿ ಕೂರಬೇಕು. ದೊಡ್ಡದಾದರೆ ಗೋಡೆ ಸೀಳುತ್ತದೆ, ಚಿಕ್ಕದಾದರೆ ಲಾಳ ಆಡುತ್ತದೆ. ಅಡಿಯಿಂದ ನೋಡಿದರೆ ಗೋಡೆಗೂ ತಳಕ್ಕೂ ನಡುವೆ ಬಿಳಿ ಗೆರೆಯೊಂದು ಕಾಣುತ್ತದೆ. ಮೊಳೆ ಆ ಗೆರೆಯ ಹೊರಗೇ ಹೋಗಬೇಕು. ಮುಕ್ಕಾಲು ಅಂಗುಲ ಮೇಲೆ ಗೋಡೆಯಿಂದ ಹೊರಬಂದು, ಎಲ್ಲ ಮೊಳೆಗಳ ಮಡಿಸಿದ ತುದಿಯೂ ಒಂದೇ ಸಾಲಿನಲ್ಲಿದ್ದರೆ ಕೆಲಸ ಚೆನ್ನಾಗಿದೆ ಎಂದು ಸವಾರನೇ ತಿಳಿದುಕೊಳ್ಳಬಹುದು. ಹೊಡೆಯುವಾಗ ಸದ್ದಿನಲ್ಲೇ ಗೊತ್ತಾಗುತ್ತದೆ. ಗಟ್ಟಿ ಗೋಡೆಯಲ್ಲಿ ಹೋಗುವ ಮೊಳೆಗೆ ಏಟಿನಿಂದ ಏಟಿಗೆ ಸದ್ದು ಬಿಗಿಯಾಗುತ್ತದೆ. ಸದ್ದು ಮೆತ್ತಗಾಯಿತೋ, ಒಳಗಿನ ಜೀವಭಾಗದ ಹತ್ತಿರ ಹೋಗಿದೆ ಎಂದು ತಕ್ಷಣ ಕೀಳಬೇಕು.

ಸವಾರರು ನನ್ನಿಂದ ಒಂದು ವಿದ್ಯೆ ಕಲಿಯಬೇಕೆಂದರೆ ಇದನ್ನು ಕಲಿಯಲಿ: ಕಳಚಿದ ಹಳೆಯ ಲಾಳವನ್ನು ಓದುವುದು. ಅದನ್ನು ಗುಜರಿಗೆ ಎಸೆಯಬೇಡಿ. ನೆಲದ ಕಡೆಯ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಮುಂತುದಿಯ ನಡುವೆ ಸಮನಾಗಿ ಸವೆದಿದ್ದರೆ ಕುದುರೆ ನೇರವಾಗಿ ಹೆಜ್ಜೆ ಎತ್ತುತ್ತಿದೆ. ಹೊರ ಮೂಲೆ ಮಾತ್ರ ಸವೆದಿದ್ದರೆ ಅದು ಆ ಮೂಲೆಯ ಮೇಲೇ ಉರುಳುತ್ತಿದೆ, ಹೊಸ ಲಾಳವನ್ನು ಅಲ್ಲೇ ಉರುಟು ಮಾಡಿಕೊಡಬೇಕು. ಒಂದು ಪಕ್ಕ ಪೂರ್ತಿ ತೆಳ್ಳಗಾಗಿ ಇನ್ನೊಂದು ಪಕ್ಕ ಹೊಸದರ ಹಾಗೇ ಇದ್ದರೆ ಗೊರಸನ್ನು ಅರ ಹಾಕಿ ಸಮ ಮಾಡಿದವನು ಒಂದು ಕಡೆ ಎತ್ತರ ಉಳಿಸಿದ್ದಾನೆ. ಈಗ ಲಾಳ ತಿರುಗಿಸಿ ಗೊರಸಿಗೆ ಅಂಟಿದ್ದ ಮುಖ ನೋಡಿ. ಹಿಂಭಾಗದ ಎರಡೂ ತುದಿಗಳಲ್ಲಿ ಕನ್ನಡಿಯಂತೆ ಹೊಳೆಯುವ ಸಣ್ಣ ಗೀರುತಗ್ಗು ಇದ್ದರೆ ಸಂತೋಷಪಡಿ. ಹಿಮ್ಮಡಿ ಹೆಜ್ಜೆ ಹೆಜ್ಜೆಗೂ ಅರಳಿ ಮುದುಡಿ ಕಬ್ಬಿಣವನ್ನೇ ಉಜ್ಜಿ ಹೊಳೆಯಿಸಿದೆ. ಒಂದು ಕಡೆ ಮಾತ್ರ ಹೊಳಪಿದ್ದರೆ ಇನ್ನೊಂದು ಕಡೆ ಗೊರಸು ಬಿಗಿದುಕೊಂಡಿದೆ ಎಂದು ತಿಳಿದು ವೈದ್ಯರಿಗೆ ತೋರಿಸಿ. ನಾಲ್ಕು ಕಾಲಿನ ನಾಲ್ಕು ಹಳೆಯ ಲಾಳಗಳನ್ನು ಮುಂದೆ ಜೋಡಿಸಿಕೊಂಡರೆ ಆ ಕುದುರೆಗೆ ಯಾವ ಹೊಸ ಲಾಳ ಬೇಕು ಎಂಬುದಕ್ಕೆ ಯಾವ ಕಂಪನಿಯ ಕ್ಯಾಟಲಾಗೂ ಬೇಡ.

ಅಡಿಗೆ ಹಾಕುವ ಪ್ಯಾಡುಗಳ ಬಗ್ಗೆ ಕೇಳುವವರು ಬಹಳ. ಬೆಣಚುಕಲ್ಲಿನ ದಾರಿಯಲ್ಲಿ ತೆಳು ತಳದ ಕುದುರೆಗೆ, ವಿಶೇಷವಾಗಿ ರೇಸಿನಿಂದ ಬಂದ ಥರೋಬ್ರೆಡ್‌ಗೆ, ಒಂದೇ ಒಂದು ಚೂಪು ಕಲ್ಲು ಸಾಕು, ಒಳಗೆ ರಕ್ತ ಹೆಪ್ಪುಗಟ್ಟಿ ಕುಂಟುತ್ತದೆ. ಅಂಥ ಕುದುರೆಗೆ ಚರ್ಮದ ಅಥವಾ ಪ್ಲಾಸ್ಟಿಕ್ಕಿನ ಪೂರ್ಣ ಪ್ಯಾಡ್ ರಕ್ಷಣೆ ಕೊಡುತ್ತದೆ. ಆದರೆ ಭತ್ತದ ಗದ್ದೆಗಳ ನಡುವೆ, ಮಳೆಗಾಲದಲ್ಲಿ, ಪ್ಯಾಡಿನ ಒಳಗೆ ನೀರೂ ಮರಳೂ ಸೇರಿ ಗೊರಸು ಕೊಳೆಯುತ್ತದೆ. ಪ್ಯಾಡ್ ಹಾಕುವುದಾದರೆ ಒಳಗಿನ ಖಾಲಿ ಜಾಗವನ್ನು ಸಿಲಿಕೋನಿನಿಂದ ತುಂಬಿ ಮುಚ್ಚಿಯೇ ಹಾಕಬೇಕು. ಗಟ್ಟಿ ತಳದ ನಮ್ಮ ಮಾರ್ವಾಡಿ, ಕಾಠಿಯಾವಾಡಿ ಕುದುರೆಗಳಿಗೆ ಪೂರ್ಣ ಪ್ಯಾಡ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಲಾಳದ ಅಂಚಿಗಷ್ಟೇ ಹೊಂದುವ ಪಟ್ಟಿ ಪ್ಯಾಡ್ ಸಾಕು, ಪೆಟ್ಟೂ ಕಡಿಮೆಯಾಗುತ್ತದೆ, ತಳಕ್ಕೆ ಗಾಳಿಯೂ ಆಡುತ್ತದೆ.

ಜಾರದಿರಲು ದೊಡ್ಡ ಸ್ಟಡ್, ಅಂದರೆ ಲಾಳದ ಅಡಿಯಲ್ಲಿ ಕೂರಿಸುವ ಉಬ್ಬುಗುಬಟು, ಹಾಕಿಸುವುದು ಬೇಡ. ಟಾರಿನ ಮೇಲೆ ಗೊರಸು ಊರುವಾಗ ಕೂದಲೆಳೆಯಷ್ಟು ಜಾರುವುದು ಸಹಜ, ಆ ಜಾರುವಿಕೆಯೂ ಪೆಟ್ಟನ್ನು ಕಡಿಮೆ ಮಾಡುತ್ತದೆ. ಸ್ಟಡ್ ಅದನ್ನು ಒಮ್ಮೆಲೇ ತಡೆದು ಕೀಲಿಗೆ ತಿರುಚು ಕೊಡುತ್ತದೆ. ಬೆಟ್ಟದ ನುಣುಪು ರಸ್ತೆಗೆ ಹೋಗಲೇಬೇಕಾದರೆ ತಲೆಯಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಎಂಬ ಗಟ್ಟಿ ಲೋಹದ ಚೂರು ಇರುವ ಮೊಳೆ ಎರಡೂ ಪಕ್ಕದ ಕೊನೆಯ ಮೊಳೆಯ ಜಾಗಕ್ಕೆ ಒಂದೊಂದು ಸಾಕು. ಒಂದೇ ಪಕ್ಕಕ್ಕೆ ಮಾತ್ರ ಹೊಡೆಸಬೇಡಿ.

ಲಾಳವೇ ಬೇಡ, ಗೊರಸಿಗೆ ಬೂಟು ಹಾಕುತ್ತೇವೆ ಎನ್ನುವ ಹೊಸ ಪೀಳಿಗೆ ಇದೆ. ನಾನು ಲಾಳ ಕಟ್ಟುವವನಾದರೂ ಅವರನ್ನು ಬೈಯುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1955ರಲ್ಲಿ ಶುರುವಾದ ಟೆವಿಸ್ ಕಪ್ ಎಂಬ ಸವಾರಿ ಇದೆ. ಬೆಟ್ಟದ ದಾರಿಯಲ್ಲಿ 100 ಮೈಲಿಯನ್ನು 24 ಗಂಟೆಯೊಳಗೆ ಮುಗಿಸಬೇಕು. ಅಲ್ಲಿ ಬೂಟು ಹಾಕಿದ ಕುದುರೆಗಳೂ ಚೆನ್ನಾಗಿ ಮುಗಿಸಿವೆ. ಆದರೆ ಬೂಟು ಮಿಲಿಮೀಟರ್ ಲೆಕ್ಕದಲ್ಲಿ ಹೊಂದಬೇಕು. ಅಳತೆ ತಪ್ಪಿದರೆ ಕೆಸರಿನಲ್ಲಿ ಕಳಚುತ್ತದೆ, ಇಲ್ಲವೇ ಹಿಮ್ಮಡಿಯ ಚರ್ಮ ಸುಲಿಯುತ್ತದೆ. ನಮ್ಮ ಕಡೆ ಅದರ ಒಳ್ಳೆಯ ಉಪಯೋಗ ಇನ್ನೊಂದಿದೆ. ದಾರಿಯಲ್ಲಿ ಲಾಳ ಕಳಚಿಬಿದ್ದರೆ ಹಾಕಲು ಒಂದು ಬೂಟು ಜೀನಿನ ಚೀಲದಲ್ಲಿರಲಿ. ಬರಿಗಾಲಿನಲ್ಲೇ ದೂರ ಓಡಿಸಬೇಕೆಂದರೆ ಗೊರಸು ಆ ನೆಲಕ್ಕೆ ಗಟ್ಟಿಯಾಗಲು ತಿಂಗಳುಗಳು ಬೇಕು. ಲಾಳ ಕಿತ್ತ ವಾರಕ್ಕೇ ಜಲ್ಲಿಯ ಮೇಲೆ ಓಡಿಸುವುದು ಕ್ರೌರ್ಯ.

ಸಮಯದ ವಿಷಯದಲ್ಲಿ ನಮ್ಮವರು ಬಹಳ ಉದಾಸೀನ ಮಾಡುತ್ತಾರೆ. ಸವಾರಿಯ ಹಿಂದಿನ ದಿನ ಸಂಜೆ ಫೋನ್ ಮಾಡಿ ನಾಲ್ಕೂ ಕಾಲಿಗೆ ಹೊಸ ಲಾಳ ಬೇಕು ಎನ್ನುತ್ತಾರೆ. ಆತುರಗಾರನಿಗೆ ಬುದ್ಧಿ ಮಟ್ಟ. ಮೊಳೆ ಎಲ್ಲಾದರೂ ಒಂದು ಕೂದಲಷ್ಟು ಒಳಗೆ ಒತ್ತುತ್ತಿದ್ದರೆ ಅದರ ನೋವು ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳುತ್ತದೆ. ವಾರದಿಂದ ಹತ್ತು ದಿನ ಮುಂಚೆ ಕಟ್ಟಿಸಿದರೆ ಹೊಸ ಲಾಳಕ್ಕೆ ಕುದುರೆಯೂ ಹೊಂದಿಕೊಳ್ಳುತ್ತದೆ, ತೊಂದರೆಯಿದ್ದರೆ ತಿದ್ದಲು ನಮಗೂ ಸಮಯ ಸಿಗುತ್ತದೆ. ಲಾಳ ಸವೆದಿರಲಿ ಬಿಡಲಿ, ಐದಾರು ವಾರಕ್ಕೊಮ್ಮೆ ಕಳಚಿ ಗೊರಸು ಕೆತ್ತಿ ಮತ್ತೆ ಕಟ್ಟಲೇಬೇಕು. ಗೊರಸು ಬೆಳೆದಂತೆ ಲಾಳ ಮುಂದಕ್ಕೆ ಸರಿಯುತ್ತದೆ, ಹಿಮ್ಮಡಿಯ ಆಧಾರ ತಪ್ಪುತ್ತದೆ. ‘ಇನ್ನೂ ದಪ್ಪ ಇದೆ, ಮುಂದಿನ ತಿಂಗಳು ನೋಡೋಣ’ ಎಂದು ಹಣ ಉಳಿಸುವವರು ಕುದುರೆಯ ಸ್ನಾಯುವಿನಲ್ಲಿ ಅದಕ್ಕಿಂತ ಹೆಚ್ಚು ತೆರುತ್ತಾರೆ.

ಈಗ ನನ್ನ ಬೇಡಿಕೆಗಳು. ಸವಾರಿ ಏರ್ಪಡಿಸುವವರು ಪ್ರವೇಶ ಪತ್ರದ ಜೊತೆಗೇ ದಾರಿಯ ನೆಲದ ವಿವರ ಕೊಡಬೇಕು. ಎಷ್ಟು ಕಿಲೋಮೀಟರ್ ಟಾರು, ಎಲ್ಲಿಂದ ಎಲ್ಲಿಗೆ ಜಲ್ಲಿ, ಎಲ್ಲಿ ಕೆಸರು ಎಂಬುದನ್ನು ಎರಡು ವಾರ ಮುಂಚೆ ತಿಳಿಸಿದರೆ ಲಾಳ ಆರಿಸಲು ಆಗುತ್ತದೆ. ಹಿಂದಿನ ದಿನ ವೈದ್ಯರು ಕುದುರೆಯನ್ನು ಪರೀಕ್ಷಿಸುವಾಗ ಜೊತೆಯಲ್ಲಿ ಲಾಳ ಕಟ್ಟುವವನೂ ಇರಬೇಕು. ಸಡಿಲ ಮೊಳೆ, ಸವೆದ ತುದಿ ಅವನ ಕಣ್ಣಿಗೆ ಬೀಳುವಷ್ಟು ಬೇಗ ಬೇರೆಯವರಿಗೆ ಬೀಳುವುದಿಲ್ಲ. ಪ್ರತಿ ತಂಗುದಾಣದಲ್ಲೂ ಕುಲುಮೆ ಬೇಕಿಲ್ಲ. ಕಬ್ಬಿಣ ಬಡಿಯುವ ಅಡಿಗಲ್ಲು, ಇಕ್ಕಳ, ಅರ, ನಾಲ್ಕು ಅಳತೆಯ ಲಾಳ, ಮೊಳೆ ಇರುವ ಒಬ್ಬ ಮನುಷ್ಯ ಸಾಕು. ಊಟದ ಪೆಂಡಾಲಿಗೆ, ಧ್ವನಿವರ್ಧಕಕ್ಕೆ ಖರ್ಚು ಮಾಡುವವರಿಗೆ ಅವನ ದಿನಗೂಲಿ ಭಾರವಾಗಲಾರದು.

ಆದರೆ ಆ ಮನುಷ್ಯ ಎಲ್ಲಿ ಸಿಗುತ್ತಾನೆ ಎಂಬುದೇ ನನ್ನ ದೊಡ್ಡ ಚಿಂತೆ. ನಮ್ಮ ಬೀದಿಯಲ್ಲಿ ಈ ಕಸುಬು ಮಾಡುತ್ತಿದ್ದ ಮನೆಗಳ ಮಕ್ಕಳು ಇಂದು ವೆಲ್ಡಿಂಗ್ ಅಂಗಡಿ ಇಟ್ಟಿದ್ದಾರೆ, ಆಟೋ ಓಡಿಸುತ್ತಿದ್ದಾರೆ. ಅವರ ತಪ್ಪೇನೂ ಇಲ್ಲ. ಉಳಿದಿರುವ ನಾವು ಕೆಲವರು ಕಾಯಿಸಿದ ಲಾಳವನ್ನು ಗೊರಸಿಗೆ ಕ್ಷಣಕಾಲ ಒತ್ತಿ, ಏಳುವ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿ, ಎಲ್ಲಿ ಕಂದು ಗುರುತು ಬಿತ್ತು ಎಲ್ಲಿ ಬೀಳಲಿಲ್ಲ ಎಂದು ನೋಡಿ ಕೂರಿಸುತ್ತೇವೆ. ಅಂಗಡಿಯಿಂದ ತಂದ ಸಿದ್ಧ ಲಾಳಕ್ಕೆ ಗೊರಸನ್ನೇ ಅರ ಹಾಕಿ ಹೊಂದಿಸುವವರು ಹೆಚ್ಚಾಗುತ್ತಿದ್ದಾರೆ. ಗೊರಸಿಗೆ ಲಾಳ ಹೊಂದಬೇಕು, ಲಾಳಕ್ಕೆ ಗೊರಸನ್ನು ಹೊಂದಿಸುವುದು ದೊಡ್ಡ ತಪ್ಪು. ಇದನ್ನು ಕಲಿಸುವ ಒಂದು ಜಾಗ ಮೈಸೂರಿನಲ್ಲಿ ಬೇಕು.

ಇಷ್ಟು ಕುದುರೆಗಳಿರುವ ಊರು ರಾಜ್ಯದಲ್ಲಿ ಬೇರೆ ಎಷ್ಟಿವೆ? ಇಲ್ಲಿ ಪೊಲೀಸ್ ಅಶ್ವಾರೋಹಿ ದಳವಿದೆ, ದಸರೆಯ ಜಂಬೂಸವಾರಿಯಲ್ಲಿ ಅವರ ಕುದುರೆಗಳನ್ನು ಲಕ್ಷಾಂತರ ಜನ ನೋಡುತ್ತಾರೆ. ರೇಸ್ ಕೋರ್ಸಿದೆ, ಸವಾರಿ ಶಾಲೆಗಳಿವೆ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಸಂಸ್ಥಾನದ ಅಶ್ವಪಡೆಯಾದ ಮೈಸೂರು ಲ್ಯಾನ್ಸರ್ಸ್‌ನ ಕುದುರೆಗಳು ಇಂದಿನ ಇಸ್ರೇಲಿನ ಹೈಫಾದಲ್ಲಿ ಕಾರ್ಮೆಲ್ ಬೆಟ್ಟದ ಕಲ್ಲಿನ ಏರನ್ನು ಹತ್ತಿದವು. ಆ ಸವಾರರನ್ನು ಪ್ರತಿ ವರ್ಷ ನೆನೆಯುತ್ತೇವೆ, ನೆನೆಯಬೇಕಾದದ್ದೇ. ಆ ಕಲ್ಲಿನ ಮೇಲೆ ನಿಂತ ಲಾಳಗಳನ್ನು ಬಡಿದವರ ಕಸುಬು ನಮ್ಮ ಕಣ್ಣೆದುರಿಗೇ ಮುಗಿದುಹೋಗುತ್ತಿದೆ. ಪಶುಸಂಗೋಪನಾ ಇಲಾಖೆಯವರು, ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ಸೇರಿ ಮೂರು ಆರು ತಿಂಗಳ ಒಂದು ತರಬೇತಿಯನ್ನು ಶುರುಮಾಡಲಿ. ಬೆಳಿಗ್ಗೆ ವೈದ್ಯರು ಗೊರಸಿನ ಒಳರಚನೆ ಕಲಿಸಲಿ, ಮಧ್ಯಾಹ್ನ ನಮ್ಮಂಥವರು ಕುಲುಮೆಯಲ್ಲಿ ಕೈಹಿಡಿದು ಕಲಿಸುತ್ತೇವೆ. ಐಟಿಐ ಮುಗಿಸಿದ ಹುಡುಗರಿಗೆ ಕಬ್ಬಿಣದ ಕೆಲಸ ಅರ್ಧ ಬಂದೇ ಇರುತ್ತದೆ. ಹುಡುಗಿಯರೂ ಬರಲಿ. ಈ ಕೆಲಸಕ್ಕೆ ತೋಳ್ಬಲಕ್ಕಿಂತ ತಾಳ್ಮೆ ಹೆಚ್ಚು ಬೇಕು.

ಇದಕ್ಕೆ ನಾನು ಸಂಬಳ ಕೇಳುವುದಿಲ್ಲ. ನಮ್ಮ ತಂದೆಯ ಕಾಲದ ಅಡಿಗಲ್ಲು, ಇಕ್ಕಳ, ತಿದಿ ಎಲ್ಲವನ್ನೂ ಆ ತರಬೇತಿಗೆ ಕೊಡಲು ಸಿದ್ಧನಿದ್ದೇನೆ. ಯಾರಾದರೂ ಅಧಿಕಾರಿಗಳಿಗೆ ಈ ಪತ್ರ ಸರಿ ಎನಿಸಿದರೆ ಪತ್ರಿಕೆಯ ಮೂಲಕವೇ ತಿಳಿಸಲಿ, ನಾನಾಗಿಯೇ ಬಂದು ಕಾಣುತ್ತೇನೆ.

ಇಂತಿ ವಿಶ್ವಾಸಿ,
ಲಾಳ ಕಟ್ಟುವವನೊಬ್ಬ
ಲಷ್ಕರ್ ಮೊಹಲ್ಲಾ, ಮೈಸೂರು